ಹಾರುವ ಮುನ್ನ ಕೈಸೇರುವ ಹವೆಯ ವರದಿ

ಮಳೆಗಾಲದ ಮುಂಜಾವದಲ್ಲಿ ತಲ್ಲೂರಿನ ಕೂಡುರಸ್ತೆಯಿಂದ ದಕ್ಷಿಣಾಭಿಮುಖವಾಗಿ ಕುಂದಾಪುರವನ್ನು ದಾಟಿ ಸಾಗುವ ಬಾಡಿಗೆ ಕಾರುಗಳಲ್ಲಿ ಒಂದೆರಡಾದರೂ ಮಂಗಳೂರಿನ ಬಜಪೆಯ ವಿಮಾನ ನಿಲ್ದಾಣಕ್ಕೆ ಹೊರಟವಾಗಿರುತ್ತವೆ. ಗಲ್ಫಿನಿಂದ ರಜೆಗೆ ಬರುವ ಮಗನನ್ನೋ ಭಾವನನ್ನೋ ಕರೆತರಲು ಹೊರಟ ಮನೆಮಂದಿ ಅವುಗಳಲ್ಲಿರುತ್ತಾರೆ. ಸಂಜೆಗೆ ಊರಿನಲ್ಲಿ "ಮಳಿಗೆ ಇಮಾನ ಇಳಿಲಿಲ್ಲ, ಬೆಂಗ್ಳೂರಿಗ್ ಹೋಯ್ತಂಬ್ರ್" ಎಂಬ ಸುದ್ದಿ ಹಬ್ಬಿದರೆ ಅದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಆದರೆ ಆ ಸುದ್ದಿಯ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ: ಇಲ್ಲಿ ಮಳೆಯಿದೆಯೆಂಬುದು ಅಲ್ಲಿಂದ ಹೊರಡುವಾಗಲೇ ಚಾಲಕನಿಗೆ ತಿಳಿದಿರಲಿಲ್ಲವೇ? ಪ್ರಶ್ನೆ ಸಾಧಾರಣವಾದದ್ದೆಂದು ತೋರಿದರೂ, ಅದಕ್ಕೆ ಉತ್ತರ ಹೇಳಬೇಕಾದರೆ ವಿಮಾನಯಾನದ ಅತ್ಯಂತ ಸೂಕ್ಷ್ಮವಾದ ಒಂದು ನ್ಯೂನತೆಯನ್ನೇ ವಿವರಿಸಬೇಕಾಗುತ್ತದೆ.

ಚಾಲಕನಿಗೆ ಏನೂ ತಿಳಿಯದೆಂದು ಭಾವಿಸುವುದು ಸರಿಯಲ್ಲ. ಒಂದು ಕಾಲದಲ್ಲಿ ಅವನು ನಿಲ್ದಾಣದ ಹವಾಮಾನ ಕಚೇರಿಗೆ ತಾನೇ ಹೋಗಿ, ಅಲ್ಲಿಯ ಅಧಿಕಾರಿಯ ಎದುರು ಕುಳಿತು, ನಕಾಶೆಗಳನ್ನು ನೋಡಿ, ಸಂಶಯವಿದ್ದಲ್ಲಿ ಪ್ರಶ್ನಿಸಿ ಹೊರಡುತ್ತಿದ್ದನು; ಇಂದು ಅವೆಲ್ಲವೂ ಕಂಪೆನಿಯ ಮಾರ್ಗಯೋಜನೆಯೊಡನೆ ಅವನ ಕೈಯ ಟ್ಯಾಬ್ಲೆಟ್ಟಿಗೆ ಬರುತ್ತವೆ. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆ ವಿಮಾನ ನಿಲ್ದಾಣಗಳಲ್ಲಿ ತನ್ನ ನಿರೀಕ್ಷಕರನ್ನು ಇರಿಸಿದೆ. ದೊಡ್ಡ ನಿಲ್ದಾಣಗಳಿಂದ ಅರ್ಧ ಗಂಟೆಗೊಮ್ಮೆ ವೀಕ್ಷಣೆಯ ವರದಿ ಹೊರಡುತ್ತದೆ. ಆಕಾಶಮಾರ್ಗದ ಉತ್ಪಾತಗಳನ್ನು ಕುರಿತ ಎಚ್ಚರಿಕೆಗಳನ್ನು ಚೆನ್ನೈ, ಮುಂಬಯಿ, ದೆಹಲಿ, ಕೋಲ್ಕತಾಗಳ ಕಚೇರಿಗಳು ಕೊಡುತ್ತವೆ. ಮೇಲ್ಮಟ್ಟದ ಗಾಳಿಯ ಲೆಕ್ಕ ಲಂಡನ್, ವಾಷಿಂಗ್ಟನ್ ಕೇಂದ್ರಗಳಿಂದ ಬರುತ್ತದೆ. ಹೀಗೆ ಕಾಗದಕ್ಕೇನೂ ಕೊರತೆಯಿಲ್ಲ.

ಕೊರತೆಯಿರುವುದು ಅದರ ವಯಸ್ಸಿನಲ್ಲಿ. ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲು ದುಬೈಯಲ್ಲಿ ಚಾಲಕನು ಓದುವ ಬಜಪೆಯ ವರದಿ, ಮೂರು ಗಂಟೆಗೂ ಮೀರಿದ ಹಾರಾಟವನ್ನು ಮುಗಿಸಿ ಅವನು ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಗಂಟೆಗೂ ಹಳೆಯದಾಗಿರುತ್ತದೆ. ನಮ್ಮ ಕರಾವಳಿಯಲ್ಲೋ, ಕಡಲಿನಿಂದ ಎದ್ದುಬಂದ ಒಂದು ಮಳೆಯ ಪಟ್ಟಿ ಹತ್ತು ನಿಮಿಷದಲ್ಲಿ ಎದುರಿನ ತೆಂಗಿನ ತೋಟವನ್ನೇ ಮರೆಮಾಡಿ, ಇನ್ನು ಇಪ್ಪತ್ತು ನಿಮಿಷದಲ್ಲಿ ಎಳೆಬಿಸಿಲಿಗೆ ಎಡೆಗೊಡುವುದನ್ನು ಎಲ್ಲರೂ ಕಂಡಿದ್ದಾರೆ. ಹಾರುತ್ತಿರುವಾಗ ಹೊಸ ವರದಿಗಳು ರೇಡಿಯೊ ಮೂಲಕ ಬರುತ್ತಲೇ ಇರುತ್ತವೆಂಬುದು ನಿಜ. ಆದರೆ ಇಂಧನವನ್ನು ಆಕಾಶದಲ್ಲಿ ತುಂಬಿಸಿಕೊಳ್ಳಲಾಗದು. ಪ್ರಯಾಣಕ್ಕೆ ಬೇಕಾದಷ್ಟು, ಅನಿರೀಕ್ಷಿತಕ್ಕೆಂದು ಸ್ವಲ್ಪ, ಬದಲಿ ನಿಲ್ದಾಣವನ್ನು ಮುಟ್ಟುವಷ್ಟು, ಕಟ್ಟಕಡೆಗೆ ಮೂವತ್ತು ನಿಮಿಷ ಹಾರುವಷ್ಟು ಎಂದು ಲೆಕ್ಕಹಾಕಿ ತುಂಬುವ ಆ ಇಂಧನದ ಪ್ರಮಾಣ ನಿಶ್ಚಯವಾಗುವುದು ನೆಲದ ಮೇಲೆ, ಹಳತಾಗಲಿರುವ ಆ ಕಾಗದವನ್ನು ನೋಡಿಯೇ. ಹೊರಡುವ ಮುನ್ನ ದೊರೆತ ತಿಳಿವಳಿಕೆ ಚಾಲಕನ ಕೈಯಲ್ಲಿರುವ ಕಾಲವನ್ನು ಅಳೆದುಕೊಡುತ್ತದೆ. ಅನಂತರ ದೊರೆತದ್ದು ಆ ಕಾಲವನ್ನು ಹೇಗೆ ವ್ಯಯಿಸಬೇಕೆಂಬುದನ್ನು ಮಾತ್ರ ತಿಳಿಸಬಲ್ಲದು.

ಮುನ್ಸೂಚನೆಯದು ಬೇರೆಯೇ ತೊಡಕು. ಅದರ ಭಾಷೆಯಲ್ಲಿ ತಾತ್ಕಾಲಿಕ ವ್ಯತ್ಯಯವೆಂದು ಸೂಚಿಸುವ ಒಂದು ಪದ್ಧತಿಯುಂಟು: ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಆಗಾಗ, ಪ್ರತಿಸಲವೂ ಒಂದು ಗಂಟೆಗೆ ಮೀರದಂತೆ, ಒಟ್ಟಿನಲ್ಲಿ ಆ ಅವಧಿಯ ಅರ್ಧಕ್ಕಿಂತ ಕಡಿಮೆ ಕಾಲ, ಮಳೆ ಬಂದು ದೃಶ್ಯದೂರ ಇಷ್ಟು ಮೀಟರಿಗೆ ಇಳಿಯಬಹುದು ಎಂದು ಅದರ ಅರ್ಥ. ಜೂನ್, ಜುಲೈ ತಿಂಗಳುಗಳಲ್ಲಿ ಇಂಥ ವಾಕ್ಯ ದಿನದಿನವೂ ಬರುವುದು ಸಹಜ. ಬರೆದವರದು ತಪ್ಪೆನ್ನಲಾಗದು, ಏಕೆಂದರೆ ಅದು ಸತ್ಯವೇ. ಆದರೆ ತಿಂಗಳುದ್ದಕ್ಕೂ ಸತ್ಯವಾಗಿರುವ ಎಚ್ಚರಿಕೆಯಿಂದ ಇಂದಿನ ಬೆಳಗಿನ ಆರೂವರೆಗೆ ಏನಾಗುವುದೆಂದು ತಿಳಿಯುವುದಾದರೂ ಹೇಗೆ? ಚಾಲಕನಿಗೆ ಬೇಕಾದದ್ದು ಮಳೆಗಾಲದ ಸ್ವಭಾವವಲ್ಲ, ಆ ಒಂದು ಮಳೆಯ ಚಲನೆ.

ಬಜಪೆಯ ನೆಲ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಆರಂಭವಾದ ಈ ನಿಲ್ದಾಣಕ್ಕೆ 2006ರಲ್ಲಿ 2450 ಮೀಟರ್ ಉದ್ದದ ಎರಡನೆಯ ರನ್‌ವೇ ದೊರೆಯಿತು. ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಮೇಲೆ, ಕಣಿವೆಗಳ ನಡುವೆ ಚಪ್ಪಟೆಯಾಗಿ ಹರಡಿದ ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿ ಅದು ಇದೆ. ಆದ್ದರಿಂದ ಪೇಟೆಯಲ್ಲಿ ನಿಂತವನಿಗೆ ತಲೆಯ ಮೇಲಿನ ತಗ್ಗು ಮೋಡವಾಗಿ ಕಾಣುವುದೇ ಅಲ್ಲಿ ರನ್‌ವೇಯ ಮೇಲೆ ಮಂಜಾಗಿ ಕವಿಯಬಹುದು. 2010ರ ಮೇ 22ರಂದು ಇದೇ ನಿಲ್ದಾಣದಲ್ಲಿ 158 ಜನರನ್ನು ಬಲಿತೆಗೆದುಕೊಂಡ ವಿಮಾನ ದುರಂತವನ್ನು ಮಾತ್ರ ಹವೆಯ ತಲೆಗೆ ಕಟ್ಟಬಾರದು: ಆ ಬೆಳಿಗ್ಗೆ ಗಾಳಿ ಶಾಂತವಾಗಿತ್ತು, ಆರು ಕಿಲೋಮೀಟರಿನವರೆಗೆ ಕಣ್ಣು ಹಾಯುತ್ತಿತ್ತು.

ನಮ್ಮ ಮಳೆ ಬರುವುದು ಪಶ್ಚಿಮದಿಂದ, ಅಂದರೆ ಮಳೆಮಾಪಕಗಳೂ ವೀಕ್ಷಣಾಲಯಗಳೂ ಇಲ್ಲದ ದಿಕ್ಕಿನಿಂದ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿಗಳಲ್ಲೆಲ್ಲ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿ ಶ್ಲಾಘ್ಯವಾದ ಕೆಲಸ ಮಾಡಿದೆ. ಆದರೆ ಅವು ಬಿದ್ದ ಮಳೆಯನ್ನು ಅಳೆಯುತ್ತವೆಯೇ ಹೊರತು ಬರಲಿರುವುದನ್ನು ಕಾಣಲಾರವು. ಗಂಗೊಳ್ಳಿಯಿಂದ ಹೊರಟ ದೋಣಿಯವರು ಹೊಡೆತದ ಗಾಳಿಯನ್ನು ದಡಕ್ಕಿಂತ ಮೊದಲೇ ಎದುರಿಸುತ್ತಾರೆ. ಅವರು ಕಂಡದ್ದು ವಿಮಾನದ ಚಾಲಕನನ್ನು ಮುಟ್ಟುವ ದಾರಿಯಿಲ್ಲ. ಕಡಲಿನ ಮೇಲಣ ಮಳೆಯನ್ನು ದೂರದಿಂದಲೇ ಕಂಡು, ಅದರ ವೇಗವನ್ನೂ ದಿಕ್ಕನ್ನೂ ಅಳೆಯಬಲ್ಲ ಸಾಧನ ಡಾಪ್ಲರ್ ರೇಡಾರ್. ಆದರೆ ಕರ್ನಾಟಕದ ಕರಾವಳಿ ಬಹುಕಾಲ ಪಣಜಿಯ ಮತ್ತು ಕೊಚ್ಚಿಯ ರೇಡಾರುಗಳನ್ನೇ ನೆಚ್ಚಬೇಕಾಯಿತು. ಮಂಗಳೂರಿನಿಂದ ಅವೆರಡೂ ಮುನ್ನೂರು ಕಿಲೋಮೀಟರಿಗೂ ದೂರ. ರೇಡಾರಿನ ಕಿರಣ ನೆಲಕ್ಕೆ ತಾಗದಂತೆ ತುಸು ಮೇಲ್ಮುಖವಾಗಿ ಹೊರಡುತ್ತದೆ. ಭೂಮಿಯಾದರೋ ಅದರ ಕೆಳಗೆ ಬಾಗುತ್ತ ಹೋಗುತ್ತದೆ. ಅಷ್ಟು ದೂರಕ್ಕೆ ಬರುವಾಗ ಕಿರಣ ನಮ್ಮ ತಲೆಯ ಮೇಲೆ ಏಳೆಂಟು ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತದೆ, ಮತ್ತು ನಮ್ಮ ಮಳೆಯನ್ನು ಕರೆಯುವ ಮೋಡಗಳ ಬಹುಭಾಗ ಅದರ ಕಣ್ಣಿಗೆ ಬೀಳದೆ ಕೆಳಗೇ ಉಳಿಯುತ್ತದೆ.

ಹವೆಯ ತಿಳಿವಳಿಕೆ ಚಾಲಕನಿಗೆ ಪೂರ್ಣವಾಗಿ ಮುಟ್ಟದಿರುವುದರ ಬೆಲೆಯೇನೆಂಬುದನ್ನು ನೆರೆಯ ಕೋಯಿಕ್ಕೋಡಿನಲ್ಲಿ ಕಂಡೆವು. 2020ರ ಆಗಸ್ಟ್ 7ರ ಸಂಜೆ ದುಬೈಯಿಂದ 190 ಜನರನ್ನು ಹೊತ್ತು ಬಂದ ವಿಮಾನ, ಸುರಿಮಳೆಯಲ್ಲಿ ಒಮ್ಮೆ ಇಳಿಯಲಾಗದೆ ಮೇಲೆದ್ದು, ಎರಡನೆಯ ಸಲ ವಿರುದ್ಧ ದಿಕ್ಕಿನಿಂದ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯಿತು. 8858 ಅಡಿಯ ರನ್‌ವೇಯಲ್ಲಿ 4438 ಅಡಿ ಕಳೆದ ಮೇಲೆ ನೆಲ ಮುಟ್ಟಿ, ಗುಡ್ಡದ ಅಂಚಿನಿಂದ ಕೆಳಕ್ಕೆ ಬಿದ್ದು ಮುರಿಯಿತು. ಇಬ್ಬರು ಚಾಲಕರೂ ಸೇರಿ 21 ಜನ ಸತ್ತರು. ನಿಯಮವನ್ನು ಮೀರಿ ಇಳಿಯುವ ಪ್ರಯತ್ನವನ್ನು ಮುಂದುವರಿಸಿದ್ದೇ ಮುಖ್ಯ ಕಾರಣವೆಂದು ತನಿಖಾ ವರದಿ ಹೇಳಿತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ವರದಿಯ ಇತರ ಪುಟಗಳನ್ನೂ ಓದಬೇಕು. ಎರಡು ಹವಾಮಾನ ಎಚ್ಚರಿಕೆಗಳು ಏಕಕಾಲಕ್ಕೆ ಜಾರಿಯಲ್ಲಿದ್ದ ಆ ಹೊತ್ತಿನಲ್ಲಿ, ನಿಯಂತ್ರಣ ಗೋಪುರದಲ್ಲಿ ಕಡ್ಡಾಯವಾಗಿ ಇರಬೇಕಾಗಿದ್ದ ಹವಾಮಾನ ಅಧಿಕಾರಿ ಅಲ್ಲಿರಲಿಲ್ಲ. ಗಾಳಿಯನ್ನು ಅಳೆಯುವ ಉಪಕರಣವನ್ನು ನಿಯಮಕ್ಕೆ ವಿರುದ್ಧವಾಗಿ ಸ್ಥಾಪಿಸಲಾಗಿತ್ತು, ಅದು ಪದೇಪದೇ ಕೆಡುತ್ತಲೂ ಇತ್ತು. ಬೆನ್ನಿನ ಗಾಳಿ ಬಲವಾಗಿದೆಯೆಂದು ಗೋಪುರದಿಂದ ಯಾರೂ ಎಚ್ಚರಿಸಲಿಲ್ಲ. ಇಳಿದದ್ದು ಚಾಲಕನ ತೀರ್ಮಾನದಿಂದ ಎಂದೊಪ್ಪಿದರೂ, ಆ ತೀರ್ಮಾನಕ್ಕೆ ಆಧಾರವಾಗಬೇಕಾಗಿದ್ದ ಸಾಮಗ್ರಿಯನ್ನು ಅವನಿಗೆ ಪೂರ್ಣವಾಗಿ ಒದಗಿಸಿರಲಿಲ್ಲವೆಂಬ ಮಾತೂ ಅಷ್ಟೇ ಸತ್ಯ.

ಇಂಥ ಕೊರತೆಯನ್ನು ತುಂಬಿಕೊಂಡ ನಿದರ್ಶನವೂ ಉಂಟು. ಅಮೆರಿಕದಲ್ಲಿ 1975ರಲ್ಲಿ ನ್ಯೂಯಾರ್ಕಿನ ಬಳಿ ನೂರಕ್ಕೂ ಹೆಚ್ಚು ಜನ ಸತ್ತ ವಿಮಾನಾಪಘಾತವನ್ನು ಅಭ್ಯಾಸ ಮಾಡಿದ ವಿಜ್ಞಾನಿ ಫುಜಿಟಾ, ಗುಡುಗುಮೋಡದ ಬುಡದಿಂದ ಧುತ್ತನೆ ಕೆಳಕ್ಕೆ ಧುಮುಕಿ ನೆಲದ ಮೇಲೆ ಸುತ್ತಲೂ ಹರಡುವ ಗಾಳಿಯನ್ನು ಗುರುತಿಸಿದರು. 1985ರಲ್ಲಿ ಡಲ್ಲಾಸ್‌ನಲ್ಲಿ ಅಂಥದೇ ಗಾಳಿ ಮತ್ತೊಂದು ವಿಮಾನವನ್ನು ಕೆಡವಿದ ಮೇಲೆ, ಅಲ್ಲಿಯ ಸರ್ಕಾರ ಚಾಲಕರಿಗೆ ಬುದ್ಧಿಹೇಳಿ ಸುಮ್ಮನಾಗಲಿಲ್ಲ. ಆ ಗಾಳಿಯನ್ನು ಗುರುತಿಸುವ ಉಪಕರಣಗಳನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಿತು, ನಿಲ್ದಾಣಗಳ ಬಳಿ ಅದಕ್ಕೆಂದೇ ರೇಡಾರುಗಳನ್ನು ನಿಲ್ಲಿಸಿತು.

ನಮ್ಮ ಕರಾವಳಿಗೆ ಬೇಕಾದದ್ದೂ ಇಂಥದೇ ಸಂಕಲ್ಪ. ಸಮೀಪದ ರೇಡಾರ್ ಕಾಣುವ ಕಡಲಿನ ಚಿತ್ರ ಹವಾಮಾನ ಕಚೇರಿಯ ಗೋಡೆಯಲ್ಲಿ ಉಳಿಯದೆ, ದುಬೈಯಲ್ಲಿಯೋ ಮುಂಬಯಿಯಲ್ಲಿಯೋ ಹೊರಡಲಿರುವ ಚಾಲಕನ ಕೈಗೂ, ಅನಂತರ ಹಾರುತ್ತಿರುವ ಅವನ ಕಿವಿಗೂ ಮುಟ್ಟಬೇಕು. ಎಚ್ಚರಿಕೆ ಜಾರಿಯಲ್ಲಿರುವಷ್ಟು ಕಾಲವೂ ಗೋಪುರದಲ್ಲಿ ಹವಾಮಾನ ಅಧಿಕಾರಿ ಇದ್ದನೆಂಬುದು ದಾಖಲೆಯಲ್ಲಿ ಬರಬೇಕು. ಕಣ್ಣೂರು, ಕೋಯಿಕ್ಕೋಡು, ಕೊಚ್ಚಿಗಳಲ್ಲಿಯೂ ಸುರಿಯುವುದು ಇದೇ ಮಳೆಯಾದ್ದರಿಂದ, ಮಳೆಗಾಲದಲ್ಲಿ ಘಟ್ಟದಾಚೆಯ ಬೆಂಗಳೂರನ್ನು ಮುಟ್ಟುವಷ್ಟು ಇಂಧನವನ್ನೂ ಅದರ ಮೇಲೆ ಇನ್ನರ್ಧ ಗಂಟೆ ಸುತ್ತುತ್ತ ಕಾಯುವಷ್ಟನ್ನೂ ಚಾಲಕನು ಕೇಳಿದರೆ, ಅದರ ತೂಕದ ಖರ್ಚನ್ನು ಮುಂದಿಟ್ಟು ಯಾವ ಕಂಪೆನಿಯೂ ಅವನಿಂದ ವಿವರಣೆ ಕೇಳಕೂಡದು.