ಸೈನ್ಯ ಬಿಟ್ಟ ವೈಮಾನಿಕನ ಆರೋಗ್ಯ ವಿಮೆ

ಗುಬ್ಬಿ ಎಂದೊಡನೆ ವೀರಣ್ಣನವರ ನಾಟಕ ಕಂಪೆನಿಯೂ, ಕುಣಿಗಲ್ ಎಂದೊಡನೆ ಕುದುರೆಗಳೂ ನೆನಪಿಗೆ ಬರುವುದು ನಮ್ಮ ನಾಡಿನಲ್ಲಿ ವಾಡಿಕೆ. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಸಾಕಿದ ಕುಣಿಗಲ್ಲಿನ ನೆರೆಯಲ್ಲಿಯೇ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ, ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಅಡಿಗಲ್ಲು ಕಂಡ ಅದು 2023ರ ಫೆಬ್ರವರಿ 6ರಂದು ಪ್ರಾರಂಭವಾಯಿತು. ಆಕಾಶಯಾನವೆಂಬುದು ಬೆಂಗಳೂರಿನವರ ಮಾತು ಮಾತ್ರವಾಗಿದ್ದ ಕಾಲ ಕಳೆಯಿತು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಹುಡುಗರೂ ಹುಡುಗಿಯರೂ ಇನ್ನು ಮುಂದೆ ವಾಯುಪಡೆಯ ಕಡೆಗೆ ಹೆಚ್ಚು ಹೆಚ್ಚಾಗಿ ನೋಡುವುದು ಸಹಜವೇ ಆಗಿದೆ. ಸೈನ್ಯದಲ್ಲಿ ಹಾರಿದವರು ನಡುವಯಸ್ಸಿನಲ್ಲಿ ಸಮವಸ್ತ್ರವನ್ನು ಕಳಚಿ ನಾಗರಿಕ ವಿಮಾನ ಕಂಪೆನಿಗಳನ್ನು ಸೇರುವುದೂ ಅಷ್ಟೇ ಸಹಜವಾದ ಮಾತು. ಸಂಬಳ, ಊರು, ವಿಮಾನದ ಜಾತಿ, ಇವುಗಳ ವಿಚಾರ ಅವರ ಮನೆಗಳಲ್ಲಿ ಬೇಕಾದಷ್ಟು ನಡೆಯುತ್ತದೆ. ಕಾಯಿಲೆ ಬಿದ್ದರೆ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳಿಬಿಡುತ್ತಾರೆ. ಇದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಸೈನ್ಯದಲ್ಲಿ ಇರುವಷ್ಟು ಕಾಲ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಪಡೆಯ ಆಸ್ಪತ್ರೆಯಲ್ಲಿ ಅವನಿಗೂ ಅವನ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ದೊರೆಯುತ್ತದೆ. ಬಿಲ್ಲೆಂಬ ಕಾಗದವನ್ನು ಆತ ಕಂಡಿರುವುದೇ ಇಲ್ಲ. ಹೀಗೆ ಹದಿನೈದಿಪ್ಪತ್ತು ವರ್ಷ ಬಾಳಿದವನಿಗೆ ವಿಮೆಯ ಕರಾರುಪತ್ರವನ್ನು ಓದುವ ಅಭ್ಯಾಸ ಬರುವುದಾದರೂ ಎಲ್ಲಿಂದ?

ಪೂರ್ಣಾವಧಿ ಕಮಿಷನ್ ಪಡೆದು ಇಪ್ಪತ್ತು ವರ್ಷಕ್ಕೆ ಕಡಮೆಯಿಲ್ಲದೆ ದುಡಿದು ಪಿಂಚಣಿಯೊಡನೆ ಹೊರಬಂದ ಅಧಿಕಾರಿಗೆ ಒಂದು ಒಳ್ಳೆಯ ಆಸರೆ ಇದೆ. 2003ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆ, ಅಂದರೆ ಜನರು ಇ.ಸಿ.ಎಚ್.ಎಸ್. ಎಂದು ಕರೆಯುವುದು, ಅವನಿಗೂ ಅವಲಂಬಿತರಿಗೂ ಲಭಿಸುತ್ತದೆ. 2017ರ ಡಿಸೆಂಬರಿನಲ್ಲಿ ಪರಿಷ್ಕರಿಸಿದಂತೆ ಅಧಿಕಾರಿಗಳು ಒಂದೇ ಸಲ ಕಟ್ಟತಕ್ಕ ವಂತಿಗೆ 1,20,000 ರೂಪಾಯಿ. ಇದಕ್ಕೆ ವಯಸ್ಸಿನ ತಡೆಯಿಲ್ಲ, ಹಳೆಯ ಕಾಯಿಲೆಯೆಂಬ ತಕರಾರಿಲ್ಲ, ಕಾಯುವ ಅವಧಿಯಿಲ್ಲ. ಪೇಟೆಯಲ್ಲಿ ಸಿಕ್ಕುವ ಯಾವ ಪಾಲಿಸಿಯೂ ಈ ಮೂರು ಗುಣಗಳನ್ನು ಒಟ್ಟಿಗೆ ಕೊಡಲಾರದು. ಆದುದರಿಂದ ವಿಮಾನ ಕಂಪೆನಿಯ ಸಂಬಳವನ್ನು ನೋಡಿ ಇದನ್ನು ಹಗುರವಾಗಿ ಎಣಿಸುವವರ ಜಾಣತನವನ್ನು ನಾವು ಮೆಚ್ಚಲಾರೆವು.

ಹಾಗೆಂದು ಇದೊಂದೇ ಸಾಕೆಂದೂ ಅಲ್ಲ. ತುರ್ತು ಸಂದರ್ಭವನ್ನು ಬಿಟ್ಟರೆ ಸಾಮಾನ್ಯವಾಗಿ ಮೊದಲು ಯೋಜನೆಯ ಪಾಲಿಕ್ಲಿನಿಕ್ಕಿಗೆ ಹೋಗಿ ಅಲ್ಲಿಂದ ಚೀಟಿ ಪಡೆದೇ ಒಪ್ಪಿತ ಆಸ್ಪತ್ರೆಗೆ ಹೋಗಬೇಕು. ಒಪ್ಪಿತವಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿದರೆ 48 ಗಂಟೆಗಳೊಳಗೆ ತಿಳಿಸಬೇಕು. ಹಣವನ್ನು ಮೊದಲು ತಾನೇ ಕೊಟ್ಟು ಬಳಿಕ ಯೋಜನೆಯ ದರದಂತೆ ಕೇಳಿ ಪಡೆಯಬೇಕು. ವೈಮಾನಿಕನಾದರೋ ಇಂದು ದೆಹಲಿ, ನಾಳೆ ದುಬೈ. ಮನೆಯವರು ಗುಬ್ಬಿಯಲ್ಲಿ, ಓದುವ ಮಗಳು ಮತ್ತೆಲ್ಲಿಯೋ. ಚೀಟಿಗಾಗಿ ಓಡಾಡುವವರು ಮನೆಯಲ್ಲಿ ಯಾರಿದ್ದಾರೆಂಬುದನ್ನು ಮೊದಲೇ ಯೋಚಿಸತಕ್ಕದ್ದು.

ಪಿಂಚಣಿಯಿಲ್ಲದೆ ಬರುವವರ ಸ್ಥಿತಿ ಬೇರೆ. ವಾಯುಪಡೆಯ ಹಾರಾಟ ಶಾಖೆಯಲ್ಲಿ ಅಲ್ಪಾವಧಿ ಕಮಿಷನ್ 14 ವರ್ಷಗಳದು. ಪಿಂಚಣಿಗೆ ಬೇಕಾದುದು 20. ವಿಮಾನ ಕಂಪೆನಿಗಳಿಗೆ ಪ್ರಿಯವಾದ ವಯಸ್ಸಿನಲ್ಲಿ, ಮೂವತ್ತೈದು ಮೂವತ್ತೇಳರಲ್ಲಿ, ಹೊರಬರುವವರು ಇವರೇ. ಬಹುಕಾಲ ಇವರಿಗೆ ಸೈನಿಕ ಯೋಜನೆಯ ಬಾಗಿಲು ಮುಚ್ಚಿತ್ತು; 2019ರ ಮಾರ್ಚಿಯಲ್ಲಿ ರಕ್ಷಣಾ ಸಚಿವಾಲಯ ಕೆಲವು ನಿಬಂಧನೆಗಳೊಡನೆ ಅದನ್ನು ತೆರೆಯಿತು. ನಿಬಂಧನೆಗಳನ್ನು ಓದಿ, ಬರಹದಲ್ಲಿ ಉತ್ತರ ಪಡೆದ ನಂತರವೇ ನಂಬುವುದು ಕ್ಷೇಮ. 2022ರ ಅಗ್ನಿಪಥದಲ್ಲಿ ನಾಲ್ಕು ವರ್ಷ ದುಡಿದು ಮರಳುವ ತರುಣರಿಗಂತೂ ಪಿಂಚಣಿಯೂ ಇಲ್ಲ, ಈ ಯೋಜನೆಯೂ ಇಲ್ಲ. ವಿಮಾನ ನಿಲ್ದಾಣದಲ್ಲಿಯೋ ಕಾರ್ಯಾಗಾರದಲ್ಲಿಯೋ ಕೆಲಸ ಹಿಡಿಯುವ ಅವರಿಗೂ ಮುಂದಿನ ಮಾತುಗಳು ಅನ್ವಯಿಸುತ್ತವೆ.

“ಕಂಪೆನಿಯೇ ವಿಮೆ ಮಾಡಿಸಿದೆಯಲ್ಲ” ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ನೌಕರಿ ಇರುವವರೆಗೆ ಇದು ನಿಜ. ಗೊರೂರಿನವರಾದ, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೌಕರರ ತಿಂಗಳುಗಟ್ಟಲೆಯ ಸಂಬಳವನ್ನು ಬಾಕಿ ಉಳಿಸಿ ನಿಂತುಹೋಯಿತು. (1992ರಲ್ಲಿ ಕುಣಿಗಲ್ಲಿನ ಕುದುರೆ ಫಾರಮ್ಮನ್ನು ಗುತ್ತಿಗೆಗೆ ಹಿಡಿದದ್ದೂ ಅದೇ ಯಜಮಾನರ ಸಮೂಹವೆಂಬುದು ನಮ್ಮ ಜಿಲ್ಲೆಯವರಿಗೆ ತಿಳಿದ ಸಂಗತಿಯೇ.) 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್, 2023ರ ಮೇ 3ರಂದು ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಇವಾವೂ ಚಿಲ್ಲರೆ ಕಂಪೆನಿಗಳಲ್ಲ. ಸಮೂಹ ವಿಮೆಯೆಂಬುದು ಕಂಪೆನಿ ಕಂತು ಕಟ್ಟುವವರೆಗೆ ಮಾತ್ರ ಜೀವಿಸುವ ವಸ್ತು. ಕಂಪೆನಿ ಮುಳುಗಿದ ದಿನ, ಅಥವಾ ಕೆಲಸ ಹೋದ ದಿನ, ಅದೂ ಹೋಗುತ್ತದೆ. ನಲವತ್ತೈದರಲ್ಲಿ ರಕ್ತದೊತ್ತಡ ತಲೆಯೆತ್ತಿದ ಮೇಲೆ ಹೊಸ ಪಾಲಿಸಿಗೆ ಅರ್ಜಿ ಹಾಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಸೈನ್ಯದ ಯೋಜನೆ ಇರಲಿ ಬಿಡಲಿ, ಕಂಪೆನಿಯ ವಿಮೆ ಎಷ್ಟೇ ದೊಡ್ಡದಿರಲಿ, ತನ್ನ ಹೆಸರಿನಲ್ಲಿ ತನ್ನ ಹಣದಿಂದ ಒಂದು ಪಾಲಿಸಿಯನ್ನು ಸಮವಸ್ತ್ರ ಕಳಚುವುದಕ್ಕೆ ಮೊದಲೇ, ದೇಹ ಗಟ್ಟಿಯಿರುವಾಗಲೇ, ಪಡೆದಿಟ್ಟುಕೊಳ್ಳಬೇಕು. ಇದಕ್ಕೆ ಕಾರಣ ಕಾಯುವ ಅವಧಿ. ಪಾಲಿಸಿಗೆ ಹಿಂದೆ ಇದ್ದ ಕಾಯಿಲೆಗಳಿಗೆ ವಿಮಾ ಕಂಪೆನಿಗಳು ಹಣ ಕೊಡದೆ ಇರಬಹುದಾದ ಕಾಲವನ್ನು 2024ರ ಏಪ್ರಿಲಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 48 ತಿಂಗಳಿಂದ 36ಕ್ಕೆ ಇಳಿಸಿತು. ಆ 36 ತಿಂಗಳು ಪಾಲಿಸಿ ಪಡೆದ ದಿನದಿಂದ ಓಡತೊಡಗುತ್ತವೆ. ಸೈನ್ಯದ ಆಸ್ಪತ್ರೆ ಕೈಹಿಡಿದಿರುವಾಗಲೇ ಈ ಗಡಿಯಾರಕ್ಕೆ ಕೀಲಿ ಕೊಟ್ಟವನು ಹೊರಬರುವ ವೇಳೆಗೆ ಅದರ ಬಹುಭಾಗವನ್ನು ಕಳೆದಿರುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡ 18ರ ಸರಕು ಸೇವಾ ತೆರಿಗೆಯನ್ನು ತೆಗೆದಿರುವುದರಿಂದ ಕಂತಿನ ಹೊರೆಯೂ ತುಸು ಇಳಿದಿದೆ.

ಅರ್ಜಿ ತುಂಬುವಾಗ ಸತ್ಯ ಹೇಳುವ ವಿಷಯದಲ್ಲಿ ವೈಮಾನಿಕನಿಗೆ ಮಿಕ್ಕವರಿಗಿಂತ ಹೆಚ್ಚಿನ ಎಚ್ಚರ ಬೇಕು. ಅವನ ದೇಹದ ಚರಿತ್ರೆಯೆಲ್ಲ ಕಾಗದದಲ್ಲಿದೆ. ಸೈನ್ಯ ಬಿಡುವಾಗ ವೈದ್ಯಕೀಯ ಮಂಡಲಿ ಪರೀಕ್ಷಿಸಿ ಬರೆದಿಟ್ಟಿರುತ್ತದೆ. ನಾಗರಿಕ ಲೈಸೆನ್ಸಿಗಾಗಿ ನಿಯತಕಾಲಕ್ಕೆ ಮತ್ತೆ ಪರೀಕ್ಷೆಗಳಾಗುತ್ತವೆ. ಹೆಲಿಕಾಪ್ಟರಿನ ಕಂಪನದಿಂದ ಬಂದ ಬೆನ್ನುನೋವನ್ನೋ ಒಮ್ಮೆ ಏರಿದ್ದ ರಕ್ತದೊತ್ತಡವನ್ನೋ ಬಚ್ಚಿಟ್ಟು ಪಾಲಿಸಿ ಪಡೆದರೆ, ಅದು ಬೇಡಿಕೆಯ ದಿನ ವಿಮಾ ಕಂಪೆನಿಯ ಕೈಗೆ ಸಿಕ್ಕುವುದರಲ್ಲಿ ಸಂದೇಹವಿಲ್ಲ. ಅರವತ್ತು ತಿಂಗಳು ಎಡೆಬಿಡದೆ ನಡೆದ ಪಾಲಿಸಿಯನ್ನು ಕಂಪೆನಿ ಪ್ರಶ್ನಿಸುವಂತಿಲ್ಲವೆಂಬ ನಿಯಮವೇನೋ ಇದೆ. ವಂಚನೆಗೆ ಆ ರಕ್ಷಣೆ ಇಲ್ಲ. ಬಿಡುಗಡೆಯ ವೈದ್ಯಕೀಯ ಕಾಗದಗಳ ಪ್ರತಿಯನ್ನು ಟ್ರಂಕಿನ ತಳಕ್ಕೆ ಹಾಕದೆ ಅರ್ಜಿಯೊಡನೆಯೇ ಕೊಟ್ಟು ರಸೀತಿ ಪಡೆಯುವುದು ಯುಕ್ತ.

ಇನ್ನು ತುಮಕೂರು ಸೀಮೆಯವರು ವಿಶೇಷವಾಗಿ ನೋಡಬೇಕಾದ ಒಂದು ಕರಾರುಂಟು. ಕೆಲವು ಪಾಲಿಸಿಗಳಲ್ಲಿ ಊರೂರಿಗೆ ಕಂತು ಬೇರೆ. ಸಣ್ಣ ಊರಿನ ವಿಳಾಸ ಕೊಟ್ಟರೆ ಕಂತು ಕಡಮೆ. ಆದರೆ ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ರೋಗಿಯೇ ಹೊರಬೇಕು. ಕುಣಿಗಲ್ಲಿನಲ್ಲಾಗಲಿ ಗುಬ್ಬಿಯಲ್ಲಾಗಲಿ ಎದೆನೋವು ಬಂದವರನ್ನು ತುಮಕೂರಿಗೆ ಒಯ್ಯುತ್ತಾರೆ. ಮಾತು ಕೈಮೀರಿದರೆ ಎಪ್ಪತ್ತು ಕಿಲೋಮೀಟರ್ ದಾಟಿ ಬೆಂಗಳೂರಿಗೆ. ಹೀಗಿರುವಲ್ಲಿ ಅಗ್ಗದ ಕಂತು ನಿಜವಾಗಿ ಅಗ್ಗವೇ? ಕೊಠಡಿಯ ಬಾಡಿಗೆಗೆ ಮಿತಿ ಹಾಕಿದ ಪಾಲಿಸಿಯೂ ಇಂಥದೇ. ದಿನಕ್ಕೆ 5,000 ರೂಪಾಯಿ ಮಿತಿಯಿದ್ದು 10,000 ರೂಪಾಯಿಯ ಕೊಠಡಿಯಲ್ಲಿ ಮಲಗಿದರೆ, ಕೊಠಡಿಯ ಹೆಚ್ಚಳ ಮಾತ್ರವಲ್ಲ, ವೈದ್ಯರ ಶುಲ್ಕ ಮೊದಲಾದವುಗಳಲ್ಲಿಯೂ ಅರ್ಧವನ್ನು ಕತ್ತರಿಸುವ ಕರಾರು ಹಲವೆಡೆ ಇದೆ. ವಯಸ್ಸಾದ ತಂದೆತಾಯಿಗಳನ್ನು ಮಗನ ಪಾಲಿಸಿಯೊಳಗೆ ಸೇರಿಸದೆ ಅವರಿಗೆ ಬೇರೆಯೇ ಮಾಡಿಸುವುದು ಲೇಸು. ಒಂದೇ ಮೊತ್ತವನ್ನು ಎಲ್ಲರೂ ಹಂಚಿಕೊಂಡರೆ ತಂದೆಯ ಶಸ್ತ್ರಚಿಕಿತ್ಸೆಗೇ ಅದು ತೀರಿಹೋಗಬಹುದು. ಪಿಂಚಣಿದಾರನಿಗೆ ಚಿಕ್ಕ ಪಾಲಿಸಿಯೊಂದೂ ಅದರ ಮೇಲೆ ಸೂಪರ್ ಟಾಪ್-ಅಪ್ ಒಂದೂ ಸಾಕಾಗಬಹುದು. ಪಿಂಚಣಿಯಿಲ್ಲದವನು ದೊಡ್ಡ ಮೊತ್ತಕ್ಕೇ ಕೈಹಾಕಬೇಕು.

ಆರೋಗ್ಯ ವಿಮೆಯಲ್ಲಿ ಬಾರದ ಮತ್ತೊಂದು ಅಪಾಯವುಂಟು. ವೈಮಾನಿಕನ ಮಟ್ಟಿಗೆ ಅದೇ ದೊಡ್ಡದು. ಹೃದಯದ ನಾಳಕ್ಕೆ ಚಿಕಿತ್ಸೆಯಾಗಿ ಗುಮಾಸ್ತನು ಕೆಲವು ವಾರಗಳಲ್ಲಿ ಕಚೇರಿಗೆ ಮರಳುತ್ತಾನೆ. ವೈಮಾನಿಕನು ಮತ್ತೆ ಚಾಲಕನ ಆಸನದಲ್ಲಿ ಕೂರುವನೋ ಇಲ್ಲವೋ ಎಂಬುದು ವೈದ್ಯಕೀಯ ಪರೀಕ್ಷಕರ ಕೈಯಲ್ಲಿದೆ. ಆಸ್ಪತ್ರೆಯ ಬಿಲ್ಲನ್ನು ಪಾಲಿಸಿ ತೀರಿಸಿತು. ಅರವತ್ತೈದರವರೆಗೆ ಹಾರಬಹುದಾಗಿದ್ದವನ ಸಂಬಳವನ್ನು ಯಾರು ತೀರಿಸಬೇಕು? ಇದಕ್ಕಾಗಿ ಲೈಸೆನ್ಸ್ ನಷ್ಟದ ವಿಮೆ ಎಂಬುದು ಬೇರೆಯೇ ಇದೆ. ಕಂಪೆನಿ ಅದನ್ನು ಮಾಡಿಸಿದೆಯೇ, ಎಷ್ಟು ಮೊತ್ತಕ್ಕೆ, ಯಾವ ವಯಸ್ಸಿನವರೆಗೆ, ಹಳೆಯ ಕಾಯಿಲೆಗಳನ್ನು ಹೊರಗಿಟ್ಟಿದೆಯೇ ಎಂಬುದನ್ನು ಕೆಲಸದ ಕರಾರಿಗೆ ರುಜು ಹಾಕುವ ಮುನ್ನ ಕೇಳಬೇಕು. ಅಪಘಾತ ವಿಮೆಯಲ್ಲಿಯೂ ಮೋಸ ಹೋಗುವುದು ಸುಲಭ: ಟಿಕೆಟ್ ಕೊಂಡ ಪ್ರಯಾಣಿಕನಾಗಿ ಹಾರುವವನಿಗೆ ಮಾತ್ರ ವಿಮಾನಾಪಘಾತದ ಪರಿಹಾರವೆಂದು ಬರೆದಿರುವ ಪಾಲಿಸಿಗಳು ಅನೇಕ. ವಿಮಾನ ನಡೆಸುವವನಿಗೆ ಅಂಥದು ಪ್ರಯೋಜನವಿಲ್ಲ.

ಮೈಸೂರು ಸರ್ಕಾರ 1891ರಲ್ಲಿಯೇ ತನ್ನ ನೌಕರರಿಗೆ ಜೀವ ವಿಮೆಯ ಇಲಾಖೆಯನ್ನು ತೆರೆದಿತ್ತು; ವಿಮೆ ಈ ನಾಡಿಗೆ ಹೊಸದಲ್ಲ. ಹೊಸದು ಈ ಕರಾರುಗಳ ಸಣ್ಣಕ್ಷರದ ಇಂಗ್ಲಿಷು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿಯೇ ಆಜ್ಞೆ ಪಾಲಿಸಿದ ಅಧಿಕಾರಿ ಅದನ್ನು ಓದಿಯಾನು. ಆತ ಹೈದರಾಬಾದಿನ ಮೇಲೆ ಹಾರುತ್ತಿರುವಾಗ ತುಮಕೂರಿನ ಆಸ್ಪತ್ರೆಯ ಕೌಂಟರಿನೆದುರು ನಿಲ್ಲುವ ತಾಯಿ ಏನು ಮಾಡಬೇಕು? ಪಾಲಿಸಿಯ ಮುಖ್ಯಾಂಶಗಳ ಪತ್ರವನ್ನು ಗ್ರಾಹಕನು ಬಯಸಿದರೆ ಪ್ರಾದೇಶಿಕ ಭಾಷೆಯಲ್ಲಿ ಕೊಡತಕ್ಕದ್ದೆಂದು 2024ರ ಜನವರಿ 1ರಿಂದ ನಿಯಮವಿದೆ. ಕೇಳಿದವರಿಗೆ ಮಾತ್ರ ಅದು ಸಿಕ್ಕುತ್ತದೆ. ಏಜೆಂಟನಿಂದ ಅದನ್ನು ಕನ್ನಡದಲ್ಲಿ ಕೇಳಿ ಪಡೆದು, ಮನೆಯ ಹಿರಿಯರಿಗೆ ಓದಿ ಹೇಳಿ, ಇ.ಸಿ.ಎಚ್.ಎಸ್. ಕಾರ್ಡಿನೊಡನೆ ಕೈಗೆ ಸಿಕ್ಕುವ ಜಾಗದಲ್ಲಿ ಇಡಬೇಕು. ಪಾಲಿಸಿ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ.