ಮರಿಗುದುರೆಯ ಮೂತಿಗೆ ನರಹುಲಿ: ಮದ್ದಿಗಿಂತ ತಾಳ್ಮೆಯೇ ಮೇಲು

ನರಹುಲಿ ಎದ್ದರೆ ಅದರ ಬುಡಕ್ಕೆ ಕುದುರೆ ಬಾಲದ ಕೂದಲನ್ನು ಬಿಗಿದು ಕಟ್ಟುವುದು ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಮನೆಮದ್ದು. ಆದರೆ ಸ್ವತಃ ಕುದುರೆಗೂ ನರಹುಲಿ ಆಗುತ್ತದೆ, ಅದೂ ಎಳೆಯ ಪ್ರಾಯದಲ್ಲಿ ಮುಖದ ಮೇಲೆಯೇ ಗುಂಪುಗುಂಪಾಗಿ ಏಳುತ್ತದೆ ಎಂಬುದು ಕುದುರೆ ಸಾಕಿದವರ ಹೊರತು ಹೆಚ್ಚಿನವರಿಗೆ ತಿಳಿದಿರಲಾರದು.

ಸಾಮಾನ್ಯವಾಗಿ ಮೂರು ವರ್ಷದೊಳಗಿನ ಕುದುರೆಗಳಲ್ಲಿ, ಅದರಲ್ಲೂ ಒಂದು ವರ್ಷದ ಆಸುಪಾಸಿನ ಮರಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮೂತಿ, ತುಟಿ ಹಾಗೂ ಮೂಗಿನ ಹೊಳ್ಳೆಗಳ ಸುತ್ತ ಮೊದಲು ಸಾಸಿವೆ ಕಾಳಿನಂತಹ ಗುಳ್ಳೆಗಳೇಳುತ್ತವೆ. ಕೆಲವೇ ವಾರಗಳಲ್ಲಿ ಅವು ಬೂದು, ಬಿಳಿ ಇಲ್ಲವೆ ನಸುಗೆಂಪು ಬಣ್ಣದ, ಹೂಕೋಸಿನಂತೆ ಒರಟಾದ ಗಂಟುಗಳಾಗುತ್ತವೆ. ಕೆಲವು ಮರಿಗಳಲ್ಲಿ ಕಣ್ಣಿನ ರೆಪ್ಪೆ ಮತ್ತು ಕಾಲಿನ ಕೆಳಭಾಗಕ್ಕೂ ಹರಡುವುದುಂಟು. ಬೆರಳೆಣಿಕೆಯಷ್ಟಿರಬಹುದು, ನೂರನ್ನೂ ದಾಟಬಹುದು. ನೋಡುವವರಿಗೆ ಅಸಹ್ಯ ಹುಟ್ಟಿಸುವ ಈ ಗಂಟುಗಳಿಂದ ಮರಿಗೆ ಮಾತ್ರ ನೋವಿಲ್ಲ, ಜ್ವರವಿಲ್ಲ. ಅದು ಎಂದಿನಂತೆ ಮೇಯುತ್ತದೆ, ಓಡುತ್ತದೆ.

ಇದಕ್ಕೆ ಕಾರಣ ಕುದುರೆಯ ಪ್ಯಾಪಿಲೋಮಾ ವೈರಸ್. ಮನುಷ್ಯರ ಕೈಕಾಲುಗಳಲ್ಲಿ ನರಹುಲಿ ಎಬ್ಬಿಸುವ ವೈರಸ್ಸಿನ ದಾಯಾದಿಯಾದರೂ ಇದು ಮನುಷ್ಯರಿಗೆ ಅಂಟುವುದಿಲ್ಲ. ಚರ್ಮದ ಮೇಲಿನ ಸಣ್ಣ ತರಚು ಗಾಯಗಳೇ ಇದಕ್ಕೆ ಹೆಬ್ಬಾಗಿಲು. ಒರಟು ಹುಲ್ಲು, ಮುಳ್ಳುಗಿಡ, ಗೋದಲಿಯ ಅಂಚು ಇವೆಲ್ಲಕ್ಕೂ ಮೊದಲು ತಾಗುವುದು ಮೂತಿಯೇ ಆದ್ದರಿಂದ ಕಾಯಿಲೆಯೂ ಅಲ್ಲಿಯೇ ನೆಲೆಯೂರುತ್ತದೆ. ತಾಯಿಹಾಲು ಬಿಡಿಸಿದ ಮರಿಗಳನ್ನು ಒಟ್ಟಿಗೆ ಬಿಡುವ ಅಶ್ವಪಾಲನಾ ಕೇಂದ್ರಗಳಲ್ಲಿ ಒಂದಕ್ಕೆ ಬಂದದ್ದು ಬೇಗನೆ ಉಳಿದವಕ್ಕೂ ಬರುತ್ತದೆ. ಮೂತಿಗೆ ಮೂತಿ ಉಜ್ಜುವುದರಿಂದಷ್ಟೇ ಅಲ್ಲ, ಒಂದೇ ಬಕೆಟ್, ಒಂದೇ ಬ್ರಷ್, ಒಂದೇ ಕಡಿವಾಣದ ಮೂಲಕವೂ ವೈರಸ್ ದಾಟುತ್ತದೆ. ಸೋಂಕು ತಗುಲಿ ಗಂಟು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ತಿಂಗಳಾದರೂ ಬೇಕಾಗುವುದರಿಂದ, ಎಲ್ಲಿಂದ ಬಂತೆಂದು ಹುಡುಕಹೊರಡುವುದು ವ್ಯರ್ಥ.

ಈ ರೋಗದ ನಿಜವಾದ ಸ್ವಾರಸ್ಯವಿರುವುದು ಅದು ಮಾಯವಾಗುವ ರೀತಿಯಲ್ಲಿ. ವೈರಸ್ ರಕ್ತಕ್ಕೆ ಇಳಿಯದೆ ಚರ್ಮದ ಮೇಲ್ಪದರದ ಜೀವಕೋಶಗಳಲ್ಲಷ್ಟೇ ಬೆಳೆಯುತ್ತದೆ. ಹೀಗಾಗಿ ದೇಹದ ರಕ್ಷಣಾ ವ್ಯವಸ್ಥೆಗೆ ಬಹಳ ದಿನ ಅದರ ಸುಳಿವೇ ಹತ್ತುವುದಿಲ್ಲ. ಒಮ್ಮೆ ಸುಳಿವು ಸಿಕ್ಕಿತೆಂದರೆ ಬಿಳಿ ರಕ್ತಕಣಗಳು ಸೋಂಕಿತ ಕೋಶಗಳ ಮೇಲೆ ಮುಗಿಬೀಳುತ್ತವೆ. ತಿಂಗಳುಗಟ್ಟಲೆ ಅಲುಗಾಡದಿದ್ದ ಗಂಟುಗಳು ಕೆಲವೇ ದಿನಗಳಲ್ಲಿ ಒಣಗಿ ಉದುರುತ್ತವೆ. ಸಾಮಾನ್ಯವಾಗಿ ಇದಕ್ಕೆ ಮೂರು ನಾಲ್ಕು ತಿಂಗಳು ಸಾಕು, ಅಪರೂಪಕ್ಕೆ ಒಂಬತ್ತು ತಿಂಗಳವರೆಗೂ ಎಳೆಯಬಹುದು. ಚರ್ಮದ ಮೇಲೆ ಕಲೆಯೂ ಉಳಿಯುವುದಿಲ್ಲ. ಒಮ್ಮೆ ವಾಸಿಯಾದ ಕುದುರೆಗೆ ಮತ್ತೆ ಬರುವುದು ವಿರಳ.

ಸರಿಯಾಗಿ ಈ ಹೊತ್ತಿಗೆ ಯಾವ ಮದ್ದು ಹಚ್ಚಿದ್ದರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತದೆ. ಎಣ್ಣೆ, ಸೊಪ್ಪಿನ ರಸದಿಂದ ಹಿಡಿದು ಗಂಟುಗಳಿಂದಲೇ ತಯಾರಿಸಿದ ಲಸಿಕೆಯವರೆಗೆ ನೂರೆಂಟು ಉಪಚಾರಗಳು ಹೆಸರು ಮಾಡಿರುವುದರ ಗುಟ್ಟು ಇದೇ ಇರಬೇಕು. ಒಂದೆರಡು ಗಂಟುಗಳನ್ನು ಹಿಸುಕಿದರೆ ಉಳಿದವು ತಾವಾಗಿ ಬೀಳುತ್ತವೆ ಎಂಬ ನಂಬಿಕೆಯೂ ಲಾಯಗಳಲ್ಲಿದೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಹಾನಿಯಾಗುವುದು ಆಮ್ಲ ಹಚ್ಚಿದಾಗ, ಸುಟ್ಟಾಗ, ಕತ್ತರಿಸಿದಾಗ. ತಾನಾಗಿ ಕಲೆಯಿಲ್ಲದೆ ಮಾಯುತ್ತಿದ್ದ ಮೂತಿಯ ಮೇಲೆ ಶಾಶ್ವತ ಬಿಳಿ ಮಚ್ಚೆ ಉಳಿಯುತ್ತದೆ. ಮರಿಯನ್ನು ಮಾರಾಟಕ್ಕೆ ಕಳುಹಿಸುವ ಅವಸರದಲ್ಲಿ ಮಾಡಿದ ಚಿಕಿತ್ಸೆಯೇ ಅದರ ಬೆಲೆಯನ್ನು ಇಳಿಸಿದರೆ ಅಚ್ಚರಿಯಿಲ್ಲ. ಗಂಟುಗಳು ಕಡಿವಾಣಕ್ಕೆ ಉಜ್ಜಿ ರಕ್ತ ಬರುತ್ತಿದ್ದರೆ, ಹುಳು ಬಿದ್ದರೆ ಇಲ್ಲವೆ ಉಸಿರಾಟಕ್ಕೆ ಅಡ್ಡಿಯಾದರೆ ಮಾತ್ರ ತೆಗೆಯುವ ಪ್ರಶ್ನೆ ಏಳುತ್ತದೆ. ಅದು ಪಶುವೈದ್ಯರ ಕೆಲಸ.

ಹಾಗೆಂದು ಮುಖದ ಮೇಲಿನ ಗಂಟೆಲ್ಲವೂ ನಿರುಪದ್ರವಿಯೆಂದು ಕೈಕಟ್ಟಿ ಕೂರುವಂತಿಲ್ಲ. ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆ ಆರಂಭದಲ್ಲಿ ನರಹುಲಿಯನ್ನೇ ಹೋಲುತ್ತದೆ. ಕುದುರೆಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಚರ್ಮದ ಗಡ್ಡೆ ಇದೇ. ಅಮೆರಿಕದ ಸಂಶೋಧಕರಾದ ಓಲ್ಸನ್ ಮತ್ತು ಕುಕ್ 1951ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು ಇವೆರಡರ ಭೇದವನ್ನು ಅರಿಯಲು ದಾರಿ ಮಾಡಿದವು. ಕುದುರೆಯ ನರಹುಲಿಯ ಸಾರವನ್ನು ಇನ್ನೊಂದು ಕುದುರೆಯ ಚರ್ಮಕ್ಕೆ ಸೇರಿಸಿದಾಗ ನರಹುಲಿಯೇ ಎದ್ದಿತು. ಹಸುವಿನ ನರಹುಲಿಯ ಸಾರ ಸೇರಿಸಿದಾಗ ಸಾರ್ಕಾಯ್ಡನ್ನು ಹೋಲುವ ಗಡ್ಡೆ ಬೆಳೆಯಿತು. ಸಾರ್ಕಾಯ್ಡ್‌ಗೆ ದನಗಳ ಪ್ಯಾಪಿಲೋಮಾ ವೈರಸ್ ಕಾರಣವೆಂಬುದು ಈಗ ಒಪ್ಪಿತ ವಿಚಾರ. ಅದು ತಾನಾಗಿ ಹೋಗುವುದು ಅಪರೂಪ. ಅರೆಬರೆ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಮರುಕಳಿಸುತ್ತದೆ. ಆದ್ದರಿಂದ ನಾಲ್ಕು ವರ್ಷ ದಾಟಿದ ಕುದುರೆಯಲ್ಲಿ ಹೊಸದಾಗಿ ಎದ್ದ, ಒಂದೇ ಆಗಿ ಬೆಳೆಯುತ್ತಿರುವ ಗಂಟನ್ನು ನರಹುಲಿಯೆಂದು ತಳ್ಳಿಹಾಕುವುದು ಅಪಾಯ.

ಇನ್ನೂ ಎಚ್ಚರ ಬೇಕಾದದ್ದು ಗ್ಲ್ಯಾಂಡರ್ಸ್ ವಿಷಯದಲ್ಲಿ. ಮನುಷ್ಯರಿಗೂ ಹರಡಿ ಪ್ರಾಣಕ್ಕೆ ಎರವಾಗಬಲ್ಲ ಈ ಬ್ಯಾಕ್ಟೀರಿಯಾ ರೋಗ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣಕ್ಕಾಗಿ 2009ರಲ್ಲಿ ಜಾರಿಗೆ ಬಂದ ಕಾಯಿದೆಯ ಪಟ್ಟಿಯಲ್ಲಿದೆ. ಸೋಂಕು ದೃಢಪಟ್ಟ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುವುದೇ ನಿಯಮ. ಇಲ್ಲಿ ಗಂಟುಗಳು ಒಣಗಿರುವುದಿಲ್ಲ. ಮೂಗಿನ ಒಳಭಾಗದಲ್ಲಿ ಹುಣ್ಣು, ಕೀವು ಬೆರೆತ ಅಂಟು ಸಿಂಬಳ, ಜ್ವರ, ಕೆಮ್ಮು ಇರುತ್ತದೆ. ಇಂತಹ ಕುದುರೆಯ ಮೂತಿಯನ್ನು ಬರಿಗೈಯಲ್ಲಿ ಮುಟ್ಟದೆ ಕೂಡಲೇ ಸರ್ಕಾರಿ ಪಶುವೈದ್ಯರಿಗೆ ತಿಳಿಸಬೇಕು.

ಹೈದರ್ ಮತ್ತು ಟಿಪ್ಪುವಿನ ಕಾಲದಿಂದಲೂ ಅಶ್ವಪಾಲನೆಗೆ ಹೆಸರಾದ ಕುಣಿಗಲ್ಲಿನಿಂದ ಹಿಡಿದು ಬೆಂಗಳೂರು, ಮೈಸೂರಿನ ರೇಸ್ ಲಾಯಗಳವರೆಗೆ ಎಳೆಯ ಕುದುರೆಗಳಿರುವಲ್ಲೆಲ್ಲ ಪಾಲಿಸಬೇಕಾದ ಕ್ರಮ ಸರಳವೇ. ಗಂಟುಗಳಿರುವ ಮರಿಯನ್ನು ಅವು ಉದುರುವವರೆಗೆ ಬೇರೆ ಕಟ್ಟಬೇಕು. ಅದರ ಬಕೆಟ್, ಬ್ರಷ್, ಕಡಿವಾಣಗಳನ್ನು ಇನ್ನೊಂದಕ್ಕೆ ಬಳಸಬಾರದು. ವೈರಸ್ ವಾರಗಟ್ಟಲೆ ಹೊರಗೂ ಬದುಕಿರಬಲ್ಲದಾದ್ದರಿಂದ ಗೋದಲಿಯನ್ನು ಸೋಂಕುನಿವಾರಕದಿಂದ ತೊಳೆದ ಮೇಲಷ್ಟೇ ಬೇರೆ ಮರಿಯನ್ನು ಅಲ್ಲಿಗೆ ತರಬೇಕು.