ನಮ್ಮ ಅಳಿಯ ಲಾರಿ ಹಿಡಿದ ಬಗೆ

ಎರಡು ವರುಷದ ಹಿಂದೆ, ದಸರೆಯ ಮರುದಿನ, ನಸುಕಿನ ಬಸ್ಸಿಗೆ ನಮ್ಮ ಅಕ್ಕನ ಮಗ ಪುಣೆಗೆ ಬಂದಿಳಿದ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಹಳ್ಳಿಯಿಂದ ಬಂದವನ ಕೈಯಲ್ಲಿ ಒಂದು ಚೀಲ. ಚೀಲದೊಳಗೆ ಕಟಿರೊಟ್ಟಿ, ಶೇಂಗಾ ಚಟ್ನಿ, ತಳದಲ್ಲಿ ಅಕ್ಕನ ಕಾಗದ. ಈ ಕಾಲದಲ್ಲಿಯೂ ಕಾಗದ ಬರೆಯುವವರು ನಮ್ಮ ಅಕ್ಕನೊಬ್ಬಳೇ ಇರಬೇಕು. 'ಪಿ.ಯು.ಸಿ.ಗೆ ಎರಡು ಸಲ ಕೂತ, ಎರಡು ಸಲವೂ ಹೋಯಿತು. ನಿನ್ನ ಕಚೇರಿಯೊಳಗ ಎಲ್ಲರೆ ಹಚ್ಚಿಕೊಡು' ಎಂದು ಬರೆದಿದ್ದಳು. ಸರಕಾರಿ ಕಚೇರಿಯೆಂದರೆ ತಮ್ಮನ ಮನೆಯ ಪಡಸಾಲೆಯೆಂದೇ ಅವಳ ತಿಳುವಳಿಕೆ. ನಾವು ಕಾಗದ ಓದಿ ಮುಗಿಸುವಷ್ಟರಲ್ಲಿ ಹುಡುಗ ಚಹದ ಬಟ್ಟಲು ಕೆಳಗಿಟ್ಟು, "ಮಾಮಾ, ಅವ್ವ ಏನರೆ ಬರೀಲಿ, ನಾ ಲಾರಿ ಕಲೀತೀನ್ರಿ" ಎಂದ.

ನಿಜ ಹೇಳಬೇಕೆಂದರೆ ನಮ್ಮ ಮುಖ ಸಣ್ಣದಾಯಿತು. ಬಿ.ಎ. ಪಾಸು ಮಾಡಿ ಕಾರಕೂನಿಕೆ ಹಿಡಿದು ಹನ್ನೊಂದು ವರುಷ ಕಳೆದ ನಮಗೆ, ಕುರ್ಚಿಯಿಲ್ಲದ ನೌಕರಿ ನೌಕರಿಯೇ ಅಲ್ಲವೆಂಬ ಭಾವನೆ ಎಲ್ಲಿಯೋ ಬೇರೂರಿತ್ತು. ಸಂಘದ ಸಭೆಯಲ್ಲಿ ಯಾರಾದರೂ "ನಿಮ್ಮ ಅಳಿಯ ಏನು ಮಾಡುತ್ತಾನೆ?" ಎಂದು ಕೇಳಿದರೆ ಏನು ಹೇಳುವುದು? ನಮ್ಮ ಮನೆಯವರು ಮಾತ್ರ ಒಲೆಯ ಮುಂದಿನಿಂದಲೇ, "ನೀವು ತಿನ್ನುವ ಜೋಳ ಇಲ್ಲಿಯವರೆಗೆ ನಡೆದುಕೊಂಡು ಬಂತೇನು?" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಲಾರಿ ಕಲಿಯುವುದೆಂದರೆ ಹೋಗಿ ಹತ್ತಿ ಕುಳಿತರಾಯಿತು ಎಂದು ತಿಳಿದವರುಂಟು. ಹಾಗಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರಿಗೆ ವಾಹನ ನಡೆಸುವವನಿಗೆ ಇಪ್ಪತ್ತು ವರುಷ ತುಂಬಿರಬೇಕು. ಅದಕ್ಕೂ ಮುಂಚೆ, ಹಗುರ ವಾಹನದ ಲೈಸೆನ್ಸು ಪಡೆದು ಕನಿಷ್ಠ ಒಂದು ವರುಷವಾಗಿರಬೇಕು. ಪುಣ್ಯಕ್ಕೆ ನಮ್ಮ ಹುಡುಗ ಹತ್ತೊಂಬತ್ತಕ್ಕೇ ಕಾರಿನ ಲೈಸೆನ್ಸು ಮಾಡಿಸಿಕೊಂಡಿದ್ದ. ಓದಿನ ಮಾತೇನು ಎಂದು ನಮಗೆ ಅಳುಕಿತ್ತು. ಮೊದಲು ಎಂಟನೆಯ ಇಯತ್ತೆಯಾದರೂ ಪಾಸಾಗಿರಬೇಕೆಂಬ ನಿಯಮವಿತ್ತು. ೨೦೧೯ರಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಅಂದಮೇಲೆ ಅವನ ಎರಡು ಸಲದ ಪಿ.ಯು.ಸಿ.ಗೂ ನಮ್ಮ ಬಿ.ಎ. ಪದವಿಗೂ ಆ ಕಚೇರಿಯ ಕಿಟಕಿಯ ಮುಂದೆ ಕಿಮ್ಮತ್ತು ಒಂದೇ.

ನಡುವೆ ಅವನ ಊಟ, ಶಿಕವಣಿ ಶಾಲೆಯ ಫೀ ಇವುಗಳ ಖರ್ಚು ಹೊರಡಬೇಕಲ್ಲ. ಅದಕ್ಕೊಂದು ದಾರಿ ಸರ್ವೋಚ್ಚ ನ್ಯಾಯಾಲಯವೇ ಮಾಡಿಟ್ಟಿತ್ತು. ಹಗುರ ವಾಹನದ ಲೈಸೆನ್ಸು ಇದ್ದವನು, ಸರಕು ಸೇರಿ ಒಟ್ಟು ತೂಕ ೭೫೦೦ ಕಿಲೋ ಮೀರದ ಸಾರಿಗೆ ವಾಹನವನ್ನೂ ನಡೆಸಬಹುದೆಂದು ೨೦೧೭ರಲ್ಲಿ ತೀರ್ಪಾಗಿತ್ತು. ೨೦೨೪ರ ನವೆಂಬರದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಹುಡುಗ ಮಾರ್ಕೆಟ್ ಯಾರ್ಡಿನಿಂದ ಕಾಯಿಪಲ್ಯೆ ಒಯ್ಯುವ ಸಣ್ಣ ಟೆಂಪೋ ಹಿಡಿದ. ಲೆಕ್ಕಕ್ಕೆ ಇದೇ ಅವನ ಮೊದಲ ಚಾಕರಿ. ಅವನು ಮಾತ್ರ ಒಪ್ಪಲಿಲ್ಲ. "ಇದು ಆಡಿನ ಮರೀರಿ ಮಾಮಾ, ನನಗ ಎತ್ತು ಬೇಕು" ಎನ್ನುವನು.

ದೊಡ್ಡ ಲೈಸೆನ್ಸಿಗೆ ವೈದ್ಯರ ಪ್ರಮಾಣಪತ್ರ ಬೇಕು. ನಮೂನೆ ೧-ಎ ಎಂದು ಅದರ ಹೆಸರು. ಒಳ್ಳೆಯ ಹಗಲು ಬೆಳಕಿನಲ್ಲಿ ಇಪ್ಪತ್ತೈದು ಮೀಟರು ದೂರದ ಮೋಟಾರಿನ ನಂಬರು ಕಾಣುವುದೇ, ಬಣ್ಣಗಳ ಭೇದ ತಿಳಿಯುವುದೇ, ಇರುಳುಗಣ್ಣುಂಟೇ, ಕಿವಿ ಕೇಳುವುದೇ, ಎಲ್ಲವನ್ನೂ ನೋಡಿ ಡಾಕ್ಟರರು ರುಜು ಮಾಡಬೇಕು. ನಾವು ಹೋದ ಡಾಕ್ಟರರು ಹುಡುಗನ ಮುಖವನ್ನೇ ನೋಡಲಿಲ್ಲ. ಮೊಬೈಲಿನಲ್ಲಿ ಯಾರೊಡನೆಯೋ ಮಾತಾಡುತ್ತಲೇ ರುಜು ಹಾಕಿ, ಇನ್ನೊಂದು ಕೈಯನ್ನು ದುಡ್ಡಿಗೆ ಚಾಚಿದರು. ಕಾಗದವೇನೋ ಸಿಕ್ಕಿತು. ಆದರೆ ನಮ್ಮ ತಂದೆಯವರಿಗೆ ಕಡೆಯ ವರುಷಗಳಲ್ಲಿ ಸಂಜೆಯಾದರೆ ಕಣ್ಣು ಮಂಜಾಗುತ್ತಿದ್ದುದು ನೆನಪಿಗೆ ಬಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಹುಡುಗನನ್ನು ಚಾಳಿನ ಗಚ್ಚಿಯ ಮೇಲೆ ನಿಲ್ಲಿಸಿ, ಕೆಳಗೆ ನಿಂತ ಗಾಡಿಗಳ ನಂಬರುಗಳನ್ನು ಓದಿಸಿದೆವು. ಹಗಲು ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ನಮಗೇ ಕಾಣದ ನಂಬರನ್ನು ಅವನು ಓದಿದ. ನಮ್ಮ ಚಸ್ಮೆಯ ನಂಬರು ಬದಲಾಗಿದೆಯೆಂದು ತಿಳಿದದ್ದು ಆ ದಿನವೇ.

ಇನ್ನು ಶಿಕವಣಿ. ಭಾರಿ ವಾಹನದ ಲೈಸೆನ್ಸಿಗೆ ಮಾನ್ಯತೆ ಪಡೆದ ಶಾಲೆಯಿಂದ ನಮೂನೆ ೫ ಎಂಬ ಪ್ರಮಾಣಪತ್ರ ತರಲೇಬೇಕು. ನಿಯಮದಲ್ಲಿ ಕನಿಷ್ಠ ಮೂವತ್ತು ದಿನಗಳ ಶಿಕವಣಿ, ಅದರಲ್ಲಿ ಹದಿನೈದು ಗಂಟೆ ಕೈಯಲ್ಲಿ ಸ್ಟಿಯರಿಂಗು ಎಂದಿದೆ. ಹದಿನೈದು ಗಂಟೆ! ನಮ್ಮ ಕಚೇರಿಯಲ್ಲಿ ಜಾವಕ ನೋಂದಣಿ ಬರೆಯುವುದನ್ನು ಕಲಿಯಲು ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ೨೦೨೧ರಿಂದ ಹೊಸ ಬಗೆಯ ಮಾನ್ಯತಾ ಕೇಂದ್ರಗಳಿಗೆ ಭಾರಿ ವಾಹನಕ್ಕೆ ಆರು ವಾರಗಳಲ್ಲಿ ಮೂವತ್ತೆಂಟು ಗಂಟೆಯ ಪಾಠ ಗೊತ್ತುಮಾಡಿದ್ದಾರೆ. ಅಂಥ ಕೇಂದ್ರ ನಮ್ಮ ಸಮೀಪದಲ್ಲಿರಲಿಲ್ಲ, ಹಳೆಯ ಬಗೆಯ ಶಾಲೆಗೇ ಹಚ್ಚಿದೆವು.

ಇಲ್ಲಿಯೇ ನಾವು ಒಂದು ತಪ್ಪು ಮಾಡುವುದರಲ್ಲಿದ್ದೆವು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದಲಾಲನೊಬ್ಬ ಸಿಕ್ಕ. "ಮೂವತ್ತು ದಿನ ಯಾಕೆ ಸಾಹೇಬ್, ಮೂರು ದಿನಕ್ಕೆ ನಮೂನೆ ೫ ಕೈಗೆ ಬರುತ್ತದೆ. ಪರೀಕ್ಷೆಯ ದಿನ ಹುಡುಗ ಬಂದು ಗಾಡಿಯಲ್ಲಿ ಕೂತರೆ ಸಾಕು" ಎಂದ. ದಿನಾಲು ಅರ್ಜಿಗಳ ಮೇಲೆ 'ನಿಯಮದಂತೆ ಇಲ್ಲ' ಎಂದು ಷರಾ ಬರೆಯುವ ನಾವೇ ಒಂದು ತಿಂಗಳ ಖರ್ಚು ಉಳಿದೀತೆಂದು ಕಿಸೆಗೆ ಕೈ ಹಾಕಿದೆವು. ಹುಡುಗ ನಮ್ಮ ರಟ್ಟೆ ಹಿಡಿದು ಪಕ್ಕಕ್ಕೆ ಕರೆದ. "ಮಾಮಾ, ನಾಳೆ ಘಾಟಿನ್ಯಾಗ ಬ್ರೇಕು ಹತ್ತಲಿಲ್ಲಂದ್ರ ಈ ಮನಶ್ಯಾ ಬಂದು ಹಿಡೀತಾನೇನ್ರಿ?" ನಾವು ಕೈ ಹೊರಗೆ ತೆಗೆದೆವು.

ಮೂವತ್ತು ದಿನ ಅವನು ನಸುಕಿನಲ್ಲಿ ಟೆಂಪೋ, ಮಧ್ಯಾಹ್ನ ಶಾಲೆ ಎಂದು ದುಡಿದ. ಸಂಜೆ ಬಂದು ನಮಗೆ ಪಾಠ ಒಪ್ಪಿಸುವನು. ದೊಡ್ಡ ಲಾರಿಯ ಬ್ರೇಕು ಗಾಳಿಯ ಬ್ರೇಕು. ಚಾವಿ ತಿರುವಿದೊಡನೆ ಹೊರಡುವ ಹಾಗಿಲ್ಲ, ತೊಟ್ಟಿಯಲ್ಲಿ ಗಾಳಿ ತುಂಬಿ ಮುಳ್ಳು ಮೇಲೇರುವವರೆಗೆ ಕಾಯಬೇಕು. ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲೆಯೇ ಇಟ್ಟರೆ ಡ್ರಮ್ಮು ಕಾದು, ಕಡೆಗೆ ಎಷ್ಟು ಒತ್ತಿದರೂ ಹಿಡಿಯದು. ಆದ್ದರಿಂದ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯಬೇಕು. ಹತ್ತು ಗಾಲಿಯ ಲಾರಿಗೆ ೨೦೧೮ರವರೆಗೆ ಒಟ್ಟು ತೂಕ ೨೫ ಟನ್ನಿನ ಮಿತಿಯಿತ್ತು. ಆ ವರುಷ ಅದನ್ನು ೨೮.೫ಕ್ಕೆ ಏರಿಸಿದರು. ಅಷ್ಟು ಭಾರ ಬೆನ್ನ ಹಿಂದೆ ನೂಕುತ್ತಿರುವಾಗ ಒಂದು ಗೇರಿನ ಬೆಲೆಯೇನೆಂಬುದನ್ನು ಅವನು ನಮ್ಮ ಮನೆಯ ಲಟ್ಟಣಿಗೆ, ಒರಳುಕಲ್ಲು ಇಟ್ಟು ತಿಳಿಸಿಕೊಟ್ಟ.

ಪರೀಕ್ಷೆಯ ದಿನ ನಾವು ಅರ್ಧ ದಿನದ ರಜೆ ಹಾಕಿ ಹೋಗಿದ್ದೆವು. ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಉರುಳಗೊಡದೆ ಹೊರಡಿಸಿದ. ಹಿಂದೆ ಹಾಕಿ ಇಕ್ಕಟ್ಟಿನಲ್ಲಿ ಸೇರಿಸುವಾಗ ಮಾತ್ರ ಒಂದು ಸಲ ನಿಂತು, ಇಳಿದು, ಹಿಂದೆ ಹೋಗಿ ನೋಡಿ ಬಂದ. ನಮ್ಮ ಎದೆ ಹೊಡೆದುಕೊಂಡಿತು, ಹೋಯಿತು ಇವನ ಪರೀಕ್ಷೆ ಎಂದು. ನಿರೀಕ್ಷಕರು ನಕ್ಕು, "ಇಳಿದು ನೋಡುವವನು ಬೇಕಾದವನು" ಎಂದು ಮರಾಠಿಯಲ್ಲಿ ಅಂದು ಪಾಸು ಮಾಡಿದರು.

ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬಂದ ದಿನ ಮನೆಯಲ್ಲಿ ಹೋಳಿಗೆ. ಅದಾದ ಮೇಲೆ ಎರಡು ತಿಂಗಳು ಹುಡುಗನಿಗೆ ಯಾರೂ ಲಾರಿ ಕೊಡಲಿಲ್ಲ! ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಬಾಗಿಲಿಂದ ಬಾಗಿಲಿಗೆ ತಿರುಗಿದ. "ಎಷ್ಟು ವರುಷ ಓಡಿಸಿದ್ದೀ?" ಎಂಬುದೇ ಎಲ್ಲರ ಪ್ರಶ್ನೆ. ಓಡಿಸದೆ ಅನುಭವವಿಲ್ಲ, ಅನುಭವವಿಲ್ಲದೆ ಓಡಿಸಗೊಡರು. ದೇಶದಲ್ಲಿ ಲಾರಿ ಚಾಲಕರು ಸಾಲದೆಂದು ಮಾಲಕರ ಸಂಘಗಳು ಕೂಗುತ್ತಲೇ ಇರುತ್ತವೆ; ಅದೇ ಮಾಲಕರ ಬಾಗಿಲಲ್ಲಿ ಹೊಸ ಲೈಸೆನ್ಸಿನ ಹುಡುಗ ನಿಂತಿರುತ್ತಾನೆ. ಮಾಲಕರದೂ ತಪ್ಪೆನ್ನಲಾಗದು. ಸಾಲ ಮಾಡಿ ತಂದ ಲಾರಿ, ಒಳಗೆ ಇನ್ನೊಬ್ಬರ ಲಕ್ಷಗಟ್ಟಲೆ ಮಾಲು. ಅದನ್ನು ಹದಿನೈದು ಗಂಟೆ ಕಲಿತವನ ಕೈಗೆ ಹೇಗೆ ಕೊಟ್ಟಾರು?

ಕಡೆಗೆ ಹಳೆಯ ದಾರಿಯೇ ಗತಿಯಾಯಿತು. ಲೈಸೆನ್ಸು ಕಿಸೆಯಲ್ಲಿಟ್ಟುಕೊಂಡು ಕ್ಲೀನರನಾಗಿ ಹತ್ತಿದ. ಬೆಂಗಳೂರಿಗೆ ಹೋಗಿಬರುವ ಹತ್ತು ಗಾಲಿಯ ಲಾರಿ. ಅದರ ಚಾಲಕರು ಗದಗಿನ ಕಡೆಯವರು, ಮೂವತ್ತು ವರುಷ ಇದೇ ರಸ್ತೆ ತುಳಿದವರು; ಹುಡುಗ ಅವರನ್ನು ಉಸ್ತಾದರೆಂದೇ ಕರೆಯುವನು. ನಿಪ್ಪಾಣಿಯ ಹತ್ತಿರ ಕೊಗನೊಳಿ ನಾಕೆಯಲ್ಲಿ ಕಾಗದ ಹಿಡಿದು ತಾಸುಗಟ್ಟಲೆ ಸಾಲು ನಿಲ್ಲುತ್ತಿದ್ದ ಕಾಲವನ್ನು ಅವರು ಕಂಡಿದ್ದರು, ೨೦೧೭ರಲ್ಲಿ ಜಿ.ಎಸ್.ಟಿ. ಬಂದು ತೆರಿಗೆ ನಾಕೆಗಳು ಹೋದಮೇಲೆ ಆ ಕಾಯುವಿಕೆ ತಪ್ಪಿತು. ಆದರೆ ಉಳಿದ ಹೊತ್ತು ಚಾಲಕನ ನಿದ್ದೆಗೆ ಸಿಗಲಿಲ್ಲ, ಮಾಲಕನ ಇನ್ನೊಂದು ಖೇಪಿಗೆ ಹೋಯಿತು ಎಂದು ಉಸ್ತಾದರ ದೂರು. ಮೋಟಾರು ಸಾರಿಗೆಯ ಕೆಲಸಗಾರನಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ಎಂದು ೧೯೬೧ರಲ್ಲಿಯೇ ಕಾಯಿದೆ ಬರೆದಿಟ್ಟಿತ್ತು. ನಾವು ಇದನ್ನು ಹೇಳಿದಾಗ ಉಸ್ತಾದರು ಬಹಳ ಹೊತ್ತು ನಕ್ಕರಂತೆ.

ಏಳು ತಿಂಗಳು ಟಯರು ಬಡಿದು ನೋಡುವುದು, ಹಗ್ಗ ಬಿಗಿಯುವುದು, ತಾಡಪತ್ರಿ ಹೊದಿಸುವುದು, ಅನ್ನ ಬೇಯಿಸುವುದು. ಹಿರಿಯೂರು ದಾಟಿದಮೇಲಿನ ಬಯಲಿನಲ್ಲಿ, ಬೆಳಗಿನ ಜಾವ, ಉಸ್ತಾದರು ಪಕ್ಕದಲ್ಲಿ ಕುಳಿತು ಸ್ಟಿಯರಿಂಗು ಅವನಿಗೆ ಕೊಡುವರು. ಖಂಬಾಟಕಿಯ ಏರನ್ನು ತುಂಬಿದ ಗಾಡಿಯೊಡನೆ ಮೊದಲ ಸಲ ಹತ್ತಿದ ದಿನ ಹುಡುಗ ಮೇಲೆ ನಿಂತು ನಮಗೆ ಫೋನು ಮಾಡಿದ. ಮಾತೇ ಆಡಲಿಲ್ಲ, ಎಂಜಿನ್ನಿನ ಸಪ್ಪಳವನ್ನಷ್ಟೇ ಕೇಳಿಸಿದ.

ಎಂಟನೆಯ ತಿಂಗಳು ಉಸ್ತಾದರ ಮೊಣಕಾಲು ಕೈಕೊಟ್ಟಿತು. ಅವರ ಮಾತಿನ ಮೇಲೆ ಮಾಲಕ ಲಾರಿಯನ್ನು ಹುಡುಗನಿಗೆ ವಹಿಸಿದ. ತಿಂಗಳಿಗೆ ಹದಿನೆಂಟು ಸಾವಿರ ಪಗಾರ, ಖೇಪಿಗೆ ಭತ್ತೆ. ಆ ಮಾಲಕನ ಹೆಸರು ಇಲ್ಲಿ ಬೇಡ.

ಪುಣೆಯ ವಾಚಕರಿಗೆ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರನ್ನು ಬಣ್ಣಿಸಬೇಕಾಗಿಲ್ಲ. ೨೦೨೨ರ ನವೆಂಬರ್ ೨೦ರ ರಾತ್ರಿ ಅಲ್ಲಿ ಒಂದು ಲಾರಿ ಹಿಡಿತ ತಪ್ಪಿ ನಲವತ್ತಕ್ಕೂ ಹೆಚ್ಚು ವಾಹನಗಳಿಗೆ ಬಡಿದದ್ದು ಯಾರೂ ಮರೆತಿಲ್ಲ. ಆಗ ಪತ್ರಿಕೆಗಳಲ್ಲೆಲ್ಲ 'ನ್ಯೂಟ್ರಲ್ಲಿ'ನದೇ ಮಾತು. ಡೀಸೆಲು ಉಳಿಯುತ್ತದೆಂದು ಇಳಿಜಾರಿನಲ್ಲಿ ಗೇರು ಬಿಟ್ಟು, ಕೆಲವರು ಎಂಜಿನ್ನನ್ನೇ ಆರಿಸಿ, ಗಾಡಿಯನ್ನು ಉರುಳಬಿಡುವ ಚಟ ಈ ಧಂದೆಯಲ್ಲಿ ಹಳೆಯದು. ಎಂಜಿನ್ನು ನಿಂತರೆ ಬ್ರೇಕಿಗೆ ಹೊಸ ಗಾಳಿ ತುಂಬದು, ಸ್ಟಿಯರಿಂಗು ಕಲ್ಲಾಗುತ್ತದೆ. ತಮಾಷೆಯೆಂದರೆ ಈಗಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿಟ್ಟು ವೇಗದ ಪೆಡಲಿನಿಂದ ಕಾಲು ತೆಗೆದರೆ ಡೀಸೆಲು ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ತಿರುಗುತ್ತಲೇ ಇರಲು ಅದು ಬೇಕು.

ಮೂರನೆಯ ಖೇಪು ಮುಗಿಸಿ ಬಂದಾಗ ಮಾಲಕ ಲೆಕ್ಕ ತೆಗೆದ. ಬೇರೆ ಲಾರಿಗಳಿಗಿಂತ ಡೀಸೆಲು ಹೆಚ್ಚು ಹೋಗಿದೆ, ಘಾಟಿನಲ್ಲಿ ಗೇರಿಗೆ ಹಾಕಿ ತೆವಳುತ್ತೀ, ಉಳಿದವರಂತೆ ಬಿಡು ಎಂದ. ಹುಡುಗ ಎಂಜಿನ್ನಿನ ಮಾತು ಹೇಳಹೋದ. "ಎರಡು ದಿನದ ಡ್ರೈವರು ನನಗೆ ಕಲಿಸುತ್ತಾನೆ" ಎಂದು ಮಾಲಕ ಎರಡು ಸಾವಿರದ ಇನ್ನೂರು ರೂಪಾಯಿ ಪಗಾರದಲ್ಲಿ ಮುರಿದುಕೊಂಡ. ಮುಂದಿನ ತಿಂಗಳೂ ಅಷ್ಟೇ. ಆ ರಾತ್ರಿ ಊಟಕ್ಕೆ ಕುಳಿತಾಗ ಹುಡುಗ ನಮ್ಮನ್ನು ಕೇಳಿದ: "ಏನು ಮಾಡ್ಲಿ ಮಾಮಾ?"

ಇಷ್ಟು ಕಷ್ಟಪಟ್ಟು ಸಿಕ್ಕ ಕೆಲಸ. ಊರಿನಲ್ಲಿ ಅಕ್ಕ ಪ್ರತಿ ತಿಂಗಳ ದುಡ್ಡಿಗೆ ಲೆಕ್ಕ ಹಾಕಿ ಕೂತಿದ್ದಳು. ಮೇಲಿನವರ ಎದುರು ತಲೆ ತಗ್ಗಿಸಿ ಹನ್ನೊಂದು ವರುಷ ಕಳೆದ ನಮ್ಮ ನಾಲಗೆಯ ತುದಿಗೆ ಬಂದದ್ದು, 'ಸ್ವಲ್ಪ ಹೊಂದಿಕೊಂಡು ಹೋಗಪ್ಪ' ಎಂಬ ಮಾತು. ಅದನ್ನು ಆಡಿಯೂಬಿಟ್ಟೆವು. ಹುಡುಗ ತಾಟಿನಲ್ಲಿಯೇ ಬೆರಳಾಡಿಸುತ್ತ ಅಂದ: "ನೀವು ಹೊಂದಿಕೊಂಡ್ರ ಕಾಗದ ತಡ ಆಗ್ತದರಿ. ನಾ ಹೊಂದಿಕೊಂಡ್ರ?" ನಮ್ಮ ಮನೆಯವರು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಯಾರೂ ಮಾತಾಡಲಿಲ್ಲ.

ಆ ವಾರ ಅವನು ಚಾವಿಯನ್ನು ಮೇಜಿನ ಮೇಲಿಟ್ಟು ಬಂದ. ಅರ್ಧ ತಿಂಗಳ ಪಗಾರ ಇಂದಿಗೂ ಬಂದಿಲ್ಲ. ಐದು ವಾರ ಮತ್ತೆ ಮಾರ್ಕೆಟ್ ಯಾರ್ಡಿನ ಟೆಂಪೋ. ಆಮೇಲೆ ಉಸ್ತಾದರೇ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಚಾಕಣದಿಂದ ಮೋಟಾರು ಭಾಗಗಳನ್ನು ಸಾಗಿಸುವ ಇನ್ನೊಬ್ಬರ ಬಳಿ ಕರೆದೊಯ್ದರು. ಅಲ್ಲಿ ಲಾರಿಯೊಳಗೆ ಯಂತ್ರವಿದೆ, ಗಾಡಿ ಎಲ್ಲಿ ಎಷ್ಟು ವೇಗದಲ್ಲಿತ್ತೆಂದು ಕಚೇರಿಯಲ್ಲಿಯೇ ಕಾಣುತ್ತದಂತೆ. ಪಗಾರ ಒಂದು ಸಾವಿರ ಕಡಿಮೆ. ಸಂದರ್ಶನದಲ್ಲಿ, "ಹಿಂದಿನ ಕಡೆ ಯಾಕೆ ಬಿಟ್ಟೆ?" ಎಂದು ಕೇಳಿದರಂತೆ. ಇದ್ದದ್ದನ್ನು ಹೇಳಿದನಂತೆ. ಮರುದಿನವೇ ಲಾರಿ ಕೊಟ್ಟರು.

ಸಾರಿಗೆ ಲೈಸೆನ್ಸನ್ನು ಮೊದಲು ಮೂರು ವರುಷಕ್ಕೊಮ್ಮೆ ನವೀಕರಿಸಬೇಕಿತ್ತು. ೨೦೧೯ರ ತಿದ್ದುಪಡಿಯಿಂದ ಐದು ವರುಷವಾಗಿದೆ. ಮೊನ್ನೆ ಅಕ್ಕ ಊರಿನಿಂದ ಬಂದಾಗ ಆ ತಾರೀಖನ್ನು ಕೇಳಿ, ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಿಂದ ಬರೆಸಿದಳು. ಆಮೇಲೆ ರಾತ್ರಿ ಹತ್ತರವರೆಗೆ ಕಿಟಕಿಯಲ್ಲಿಯೇ ಕುಳಿತಿದ್ದಳು. ಅವನು ಆ ದಿನ ಬೆಂಗಳೂರಿನಿಂದ ಬರುವವನಿದ್ದ. ಹತ್ತೂ ಕಾಲಿಗೆ ಫೋನು ಬಂತು: ಸುರಂಗ ದಾಟಿದೆ, ಮೂರನೇ ಗೇರಿನಲ್ಲಿದ್ದೇನೆ, ಅನ್ನ ಬಿಸಿ ಮಾಡಿಡಿರೆಂದು ಕ್ಲೀನರ ಹುಡುಗ ಹೇಳಿದ.